ಮುಪ್ಪಿಗೊಂದು ಕೊಟ್ಟಿಗೆ



ಒಂದು ಪ್ರಶ್ನೆಯಿಂದ ಮೊದಲು ಮಾಡುತ್ತೇನೆ. ಮುದಿ ಹಂದಿಯನ್ನು ನೀವು ನೋಡಿದ್ದೀರಾ? ಹಲ್ಲು ಸವೆದ, ಕೀಲು ಹಿಡಿದುಕೊಂಡ, ಮಧ್ಯಾಹ್ನವೆಲ್ಲ ಬಿಸಿಲಿಗೆ ಮೈಯೊಡ್ಡಿ ಮಲಗುವ ಹಂದಿಯನ್ನು? ಐದು ವರ್ಷದ ಫಾರಂ ಕೋಳಿಯನ್ನು ನೋಡಿದ್ದೀರಾ? ಹತ್ತು ವರ್ಷ ತುಂಬಿದ ಕುರಿಯನ್ನು? ಮುದಿ ನಾಯಿಯನ್ನು ಎಲ್ಲರೂ ಕಂಡಿದ್ದೇವೆ. ಮುದಿ ಎತ್ತು, ಗೊಡ್ಡು ಹಸು ಹಳ್ಳಿಯವರಿಗೆ ಹೊಸದೇನಲ್ಲ. ಆದರೆ ಮನುಷ್ಯ ಸಾಕುವ ಪ್ರಾಣಿಗಳಲ್ಲಿ ಹೆಚ್ಚಿನವು ಮುಪ್ಪನ್ನು ಕಾಣುವುದೇ ಇಲ್ಲ. ಮುಪ್ಪು ಹಾಗಿರಲಿ, ಪೂರ್ತಿ ಯೌವನವನ್ನೂ ಕಾಣುವುದಿಲ್ಲ.

ನಾನು ಪಶುವೈದ್ಯ. ತಾಲ್ಲೂಕು ಆಸ್ಪತ್ರೆಗಳಲ್ಲಿ, ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಾಲು ಮುರಿದ ಎತ್ತು, ಕೆಚ್ಚಲು ಬಾವಿನ ಹಸು, ನೀಲಿ ನಾಲಿಗೆ ರೋಗದ ಕುರಿ, ಕೊಕ್ಕರೆ ರೋಗ ಬಡಿದ ಕೋಳಿ, ಎಲ್ಲಕ್ಕೂ ಮದ್ದು ಕೊಟ್ಟವನು. ಆದರೂ ಮುದಿ ಹಂದಿಯನ್ನು ನಾನು ಮೊದಲು ಕಂಡದ್ದು ನಿವೃತ್ತಿಯಾದ ಮೇಲೆ, ಬೇರೆ ದೇಶದಲ್ಲಿ. ಫಾರಂಗಳಿಂದ, ದನದ ಸಂತೆಗಳಿಂದ, ಕಸಾಯಿಖಾನೆಯ ಬಾಗಿಲಿನಿಂದ ಬಿಡಿಸಿ ತಂದ ಪ್ರಾಣಿಗಳನ್ನು ಅವು ತಾವಾಗಿ ಸಾಯುವವರೆಗೂ ಸಾಕುವ ಒಂದು ಆಶ್ರಯಧಾಮದಲ್ಲಿ. ಅಲ್ಲಿ ಕಂಡದ್ದನ್ನು, ಕಂಡ ಮೇಲೆ ನಮ್ಮ ಕೊಟ್ಟಿಗೆಗಳ ಬಗ್ಗೆ ನನಗೆ ತೋಚಿದ್ದನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಮೊದಲು ಜಾಗದ ಪರಿಚಯ. ಅಮೆರಿಕದ ನ್ಯೂಯಾರ್ಕ್ ಎಂದರೆ ನಮಗೆ ನೆನಪಾಗುವುದು ಆ ಮಹಾನಗರ. ಆದರೆ ಅದೇ ಹೆಸರಿನ ರಾಜ್ಯದ ಒಳಭಾಗ ಪೂರ್ತಿ ಹಳ್ಳಿಗಾಡು. ಅಲ್ಲಿ ಉದ್ದಕ್ಕೆ, ಕಿರಿದಾಗಿ ಚಾಚಿಕೊಂಡ ಸರೋವರಗಳಿವೆ. ಅವುಗಳಲ್ಲಿ ಸೆನೆಕಾ ಎಂಬುದು ಒಂದು. ಅದರ ತೆಂಕಣ ತುದಿಯಲ್ಲಿ ವಾಟ್ಕಿನ್ಸ್ ಗ್ಲೆನ್ ಎಂಬ ಸಣ್ಣ ಊರು. ಊರಿನಿಂದ ಗುಡ್ಡ ಹತ್ತಿದರೆ ಸುಮಾರು 270 ಎಕರೆಯ ಹುಲ್ಲುಗಾವಲು, ನಡುವೆ ಮರದ ಕೊಟ್ಟಿಗೆಗಳು. ಅದೇ ಫಾರ್ಮ್ ಸ್ಯಾಂಕ್ಚುಯರಿ. ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ ಇಥಾಕಾ, ಅಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ. ನಮ್ಮ ಕಡೆಯ ಹುಡುಗ ಹುಡುಗಿಯರೂ ಓದುವ ಜಾಗ. ನನ್ನ ತಂಗಿಯ ಮಗ ಅಲ್ಲಿದ್ದ. ಅವನೇ ನನ್ನನ್ನು ಕರೆದುಕೊಂಡು ಹೋದ.

ಈ ಆಶ್ರಯಧಾಮ ಹುಟ್ಟಿದ್ದು ಒಂದು ಕುರಿಯಿಂದ. 1986ರ ಮಾತು. ಜೀನ್ ಬಾವರ್ ಮತ್ತು ಲೋರಿ ಹ್ಯೂಸ್ಟನ್ ಎಂಬ ಇಬ್ಬರು ಯುವಜನರು ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಎಂಬಲ್ಲಿನ ದೊಡ್ಡ ಜಾನುವಾರು ಮಾರುಕಟ್ಟೆಗೆ ಹೋಗಿದ್ದರು. ಪ್ರಾಣಿಗಳನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆಂದು ನೋಡಿ ದಾಖಲಿಸುವುದು ಅವರ ಕೆಲಸ. ಮಾರುಕಟ್ಟೆಯ ಹಿಂಭಾಗದಲ್ಲಿ ಸತ್ತ ಪ್ರಾಣಿಗಳ ರಾಶಿ ಬಿದ್ದಿತ್ತು. ಬೇಸಿಗೆಯ ಸೆಕೆ, ನೊಣ, ದುರ್ನಾತ. ಆ ರಾಶಿಯಲ್ಲಿ ಒಂದು ಕುರಿ ತಲೆಯೆತ್ತಿತು. ಅದಕ್ಕೆ ಇನ್ನೂ ಜೀವವಿತ್ತು.

ಅವರು ಕುರಿಯನ್ನು ಗಾಡಿಯಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಓಡಿದರು. ನೋವಿಲ್ಲದೆ ಸಾಯಲು ಇಂಜೆಕ್ಷನ್ ಕೊಡಿಸಬೇಕಾದೀತು ಎಂದೇ ಅವರ ಎಣಿಕೆ. ಆದರೆ ಆರೈಕೆ ಸಿಕ್ಕ ಸ್ವಲ್ಪ ಹೊತ್ತಿಗೆ ಕುರಿ ಎದ್ದು ನಿಂತಿತು. ಅದಕ್ಕೆ ದೊಡ್ಡ ರೋಗವೇನೂ ಇರಲಿಲ್ಲ. ಕಿಕ್ಕಿರಿದ ಲಾರಿಯ ಪ್ರಯಾಣ, ಸೆಕೆ, ನೀರಿಲ್ಲದ ಬಳಲಿಕೆ, ಇಷ್ಟೇ. ಎಬ್ಬಿಸಲು ಹೊತ್ತು ಕಳೆಯುವುದಕ್ಕಿಂತ ಎಸೆಯುವುದು ಸುಲಭವೆಂದು ಯಾರೋ ಎಸೆದಿದ್ದರು. ಅದಕ್ಕೆ ಹಿಲ್ಡಾ ಎಂದು ಹೆಸರಿಟ್ಟರು. ಹಿಲ್ಡಾ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿತು. ವಯಸ್ಸಾಗಿ ಸತ್ತಿತು. ಅದನ್ನು ಆಶ್ರಯಧಾಮದ ನೆಲದಲ್ಲೇ ಹೂಳಿದ್ದಾರೆ.

ಹಣವೆಲ್ಲಿಂದ ಬಂತು ಎಂದು ಕೇಳುತ್ತೀರಿ. ಮೊದಲ ದಿನಗಳಲ್ಲಿ ಅವರು ಹಳೆಯ ವ್ಯಾನಿನಲ್ಲಿ ಊರೂರು ತಿರುಗಿ, ಸಂಗೀತ ಕಚೇರಿಗಳು ನಡೆಯುವ ಮೈದಾನಗಳ ಹೊರಗೆ ಮಾಂಸವಿಲ್ಲದ ತಿಂಡಿ ಮಾರಿದರು. ಆ ದುಡ್ಡಿನಲ್ಲಿ ಹುಲ್ಲು ಕೊಂಡರು. ಈಗ ಸಾವಿರಾರು ಜನ ಚಂದಾ ಕಳಿಸುತ್ತಾರೆ.

ಇಷ್ಟು ಹೊತ್ತು ಆಶ್ರಯಧಾಮ ಎಲ್ಲಿದೆ, ಹೇಗೆ ಹುಟ್ಟಿತು ಎಂದು ಹೇಳಿದೆ. ಈಗ ಒಳಗೆ ಹೋಗೋಣ. ಮೊದಲು ಹಂದಿಯ ಕೊಟ್ಟಿಗೆ.

ಕಣ್ಣಿಗೆ ಬೀಳುವ ಮೊದಲು ಹಂದಿಗಳು ಕಿವಿಗೆ ಬಿದ್ದವು. ದೊಡ್ಡ ಗೊರಕೆ, ನಿಧಾನದ ಉಸಿರು. ಕೊಟ್ಟಿಗೆಯ ನೆಲದ ಮೇಲೆ ಮಂಡಿಯೆತ್ತರ ಒಣ ಹುಲ್ಲು. ಹುಲ್ಲಿನಲ್ಲಿ ಅರ್ಧ ಹುದುಗಿ, ಒಂದಕ್ಕೊಂದು ಒರಗಿ, ಅವು ಮಲಗಿದ್ದವು. ಕೇಳುಗರೇ, ಅವುಗಳ ಗಾತ್ರವನ್ನು ಸ್ವಲ್ಪ ಊಹಿಸಿಕೊಳ್ಳಿ. ಅಮೆರಿಕದಲ್ಲಿ ಹಂದಿಯನ್ನು ಸುಮಾರು ಆರು ತಿಂಗಳಿಗೆ ಕಡಿಯುತ್ತಾರೆ. ಆಗ ಅದರ ತೂಕ 125 ಕಿಲೋ ಆಸುಪಾಸು. ಅಂದರೆ ಅದು ಇನ್ನೂ ಮರಿ. ಬದುಕಲು ಬಿಟ್ಟರೆ ಅದು 300 ಕಿಲೋ ದಾಟುತ್ತದೆ. ಹತ್ತು ಹದಿನೈದು ವರ್ಷ ಬದುಕಬಲ್ಲದು. ಆದರೆ ಅದರ ಕಾಲುಗಳನ್ನು ಆರು ತಿಂಗಳಿಗೆ ಸಾಕಾಗುವಷ್ಟೇ ಗಟ್ಟಿಯಾಗಿ ಮನುಷ್ಯ ಬೆಳೆಸಿದ್ದಾನೆ. ತೂಕ ಬೇಗ ಬರಬೇಕು, ಎಲುಬು ಹೇಗಿದ್ದರೇನು ಎಂಬ ತಳಿ ಲೆಕ್ಕ ಅದು. ಹಾಗಾಗಿ ಅಲ್ಲಿನ ದೊಡ್ಡ ಹಂದಿಗಳಿಗೆಲ್ಲ ಕೀಲುನೋವು. ಬೆಳಿಗ್ಗೆ ಆಹಾರದ ಜೊತೆ ನೋವಿನ ಮಾತ್ರೆ. ಮಂಡಿಯೆತ್ತರದ ಹುಲ್ಲು ಅದಕ್ಕೇ ಬೇಕು.

ಒಂದು ಮುದಿ ಹೆಣ್ಣು ಹಂದಿ ಏಳಲು ಹೊರಟಿತು. ಮೊದಲು ಮುಂಗಾಲು ಊರಿತು. ಸ್ವಲ್ಪ ತಡೆಯಿತು. ಆಮೇಲೆ ಹಿಂಗಾಲು. ನೋಡಿಕೊಳ್ಳುವ ಹುಡುಗಿ ಅವಸರ ಮಾಡಲಿಲ್ಲ, ಕೈ ಹಾಕಲೂ ಇಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತಿದ್ದಳು. ಹಂದಿ ಎದ್ದು ಅಂಗಳದ ಕೆಸರುಗುಂಡಿಗೆ ನಡೆದು ಹೋಯಿತು. ಹಂದಿಗೆ ಬೆವರುವ ಶಕ್ತಿ ಇಲ್ಲವೆಂದೇ ಹೇಳಬಹುದು. ಕೆಸರೇ ಅದಕ್ಕೆ ತಂಪು, ಕೆಸರೇ ಬಿಸಿಲಿಗೆ ಕಾಪು. ಕೊಳಕಿನ ಮೇಲಿನ ಆಸೆಯಿಂದ ಹಂದಿ ಹೊರಳುತ್ತದೆ ಎಂದು ನಾವು ಬೈಯುವುದು ತಿಳಿಯದ ಮಾತು.

ಅದೇ ಆವರಣದ ಮಾಹಿತಿ ಕೇಂದ್ರದಲ್ಲಿ ಒಂದು ಕಬ್ಬಿಣದ ಚೌಕಟ್ಟು ಇಟ್ಟಿದ್ದಾರೆ. ಅಗಲ ಎರಡು ಅಡಿ, ಉದ್ದ ಏಳು ಅಡಿ. ಗಬ್ಬದ ಹಂದಿಯನ್ನು ತಿಂಗಳುಗಟ್ಟಲೆ ಅದರಲ್ಲಿ ಕೂಡಿಹಾಕುತ್ತಾರೆ. ನಿಲ್ಲಬಹುದು, ಮಲಗಬಹುದು. ತಿರುಗುವಂತಿಲ್ಲ. 2002ರಲ್ಲಿ ಫ್ಲೋರಿಡಾ ರಾಜ್ಯದ ಮತದಾರರು ಇದನ್ನು ಬೇಡವೆಂದು ಮತ ಹಾಕಿದರು. ಆ ದೇಶದಲ್ಲಿ ಅಂಥ ನಿಷೇಧ ಅದೇ ಮೊದಲು. ಆ ಹೋರಾಟದ ಮುಂಚೂಣಿಯಲ್ಲಿ ಈ ಆಶ್ರಯಧಾಮದವರಿದ್ದರು. 2018ರಲ್ಲಿ ಕ್ಯಾಲಿಫೋರ್ನಿಯಾದವರು ಇನ್ನೂ ಮುಂದೆ ಹೋಗಿ, ಹಾಗೆ ಕೂಡಿಹಾಕಿ ಬೆಳೆಸಿದ ಮಾಂಸವನ್ನು ತಮ್ಮ ರಾಜ್ಯದಲ್ಲಿ ಮಾರಲೂ ಬಾರದೆಂದರು.

ಹಂದಿಯ ಮಾತು ಹೇಳಿದೆ. ಮುಪ್ಪಿನವರೆಗೆ ಬದುಕಲು ಬಿಟ್ಟರೂ ನಾವು ರೂಪಿಸಿದ ದೇಹ ಅದಕ್ಕೆ ಅಡ್ಡ ಬರುತ್ತದೆ ಎಂಬುದು ಅದರಲ್ಲಿ ಮುಖ್ಯ. ಈ ಮಾತು ಕೋಳಿಯಲ್ಲಿ ಇನ್ನೂ ಕಟುವಾಗಿ ಕಾಣುತ್ತದೆ. ಅಲ್ಲಿ ನಾನು ತುಂಬಾ ಹೊತ್ತು ನಿಂತೆ.

ಮಾಂಸದ ಕೋಳಿಯಿಂದ ಆರಂಭಿಸುತ್ತೇನೆ. ನಾವು ಬ್ರಾಯ್ಲರ್ ಎನ್ನುತ್ತೇವಲ್ಲ, ಅದು. ಕೆನಡಾದ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. 1957ರ ಕಾಲದ ತಳಿಯೊಂದನ್ನು ಹಾಗೇ ಉಳಿಸಿಕೊಂಡಿದ್ದರು. ಅದನ್ನೂ 2005ರ ವಾಣಿಜ್ಯ ತಳಿಯನ್ನೂ ಒಟ್ಟಿಗೆ ಸಾಕಿದರು. ಮೇವು ಒಂದೇ, ಮನೆ ಒಂದೇ. ಎಂಟು ವಾರ ಕಳೆದ ಮೇಲೆ ತೂಗಿದರು. ಹಳೆಯ ತಳಿಯ ತೂಕ ಒಂದು ಕಿಲೋ ಒಳಗೆ. ಹೊಸ ತಳಿಯದು ನಾಲ್ಕು ಕಿಲೋ ಮೇಲೆ. ಇನ್ನೊಮ್ಮೆ ಹೇಳುತ್ತೇನೆ: ಅದೇ ಮೇವು, ಅದೇ ದಿನಗಳು, ತೂಕ ನಾಲ್ಕು ಪಟ್ಟಿಗೂ ಹೆಚ್ಚು. ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ ಎಂದು ನಮ್ಮಲ್ಲಿ ಸುದ್ದಿಯಿದೆ. ಅದರ ಅಗತ್ಯವೇ ಇಲ್ಲ. ಬೆಳವಣಿಗೆ ಮೊಟ್ಟೆಯೊಳಗೇ, ರಕ್ತದಲ್ಲೇ ಬಂದಿರುತ್ತದೆ.

ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆಯ ಶೆಡ್ಡುಗಳಲ್ಲಿ ಬೆಳೆಯುವುದೂ ಇಂಥದೇ ತಳಿಗಳು. ಕಂಪನಿಯವರು ಮರಿ ಕೊಡುತ್ತಾರೆ, ಫೀಡು ಕೊಡುತ್ತಾರೆ. ರೈತರು ಶೆಡ್ಡು, ಕರೆಂಟು, ದುಡಿಮೆ ಹಾಕುತ್ತಾರೆ. ಆರು ವಾರದ ಒಳಗೆ ಎರಡು ಕಿಲೋ ದಾಟುತ್ತದೆ, ಗಾಡಿ ಬರುತ್ತದೆ, ಬ್ಯಾಚು ಖಾಲಿ. ಆ ಕೋಳಿ ಇನ್ನೂ ಮರಿಯಂತೆ ಚಿಂವ್‌ಗುಟ್ಟುತ್ತಿರುತ್ತದೆ. ಏಳನೆಯ ತಿಂಗಳಿಗೆ, ಏಳನೆಯ ವರ್ಷಕ್ಕೆ ಅದು ಹೇಗಿರುತ್ತದೆ ಎಂದು ನೋಡಿದ ರೈತರು ನಮ್ಮಲ್ಲಿ ಅಪರೂಪ, ಡಾಕ್ಟರೂ ಅಪರೂಪ.

ಆಶ್ರಯಧಾಮದಲ್ಲಿ ಅಂಥ ಕೋಳಿಗಳಿದ್ದವು. ಬಿಳಿ ಮೈ, ಅಗಲ ಎದೆ, ದಪ್ಪ ಕಾಲು. ಹತ್ತು ಹೆಜ್ಜೆ ನಡೆದು ಕೂರುತ್ತಿದ್ದವು. ಮತ್ತೆ ಎದ್ದು ಹತ್ತು ಹೆಜ್ಜೆ. ಅವುಗಳಿಗೆ ಕೊಡುವ ಕಾಳನ್ನು ದಿನವೂ ತೂಗಿ ಕೊಡುತ್ತಾರೆ. ಹೊಟ್ಟೆ ತುಂಬ ಹಾಕಿದರೆ ಅವು ಉಳಿಯುವುದಿಲ್ಲ. ಕಾಲು ಸೋಲುತ್ತದೆ, ಇಲ್ಲವೆ ಹೃದಯ ನಿಲ್ಲುತ್ತದೆ. ಕೇಳುಗರೇ, ಇದನ್ನು ಯೋಚಿಸಿ ನೋಡಿ. ಅನ್ನ ಹಾಕುವುದೇ ಪ್ರೀತಿ ಎಂದು ತಿಳಿದ ಜನ ನಾವು. ಅಲ್ಲಿ ಪ್ರೀತಿಯಿಂದ ಸಾಕುವವರು, ಹಸಿದು ಕೂಗುವ ಹಕ್ಕಿಯ ಮುಂದೆ ಅಳೆದ ಕಾಳನ್ನಷ್ಟೇ ಇಟ್ಟು ಬರಬೇಕು. ಹೊಟ್ಟೆ ತುಂಬಾ ಉಂಡು ಬದುಕುವ ಶಕ್ತಿಯನ್ನೇ ಆ ದೇಹದಿಂದ ಕಿತ್ತುಕೊಂಡಿದ್ದಾರೆ. ಪಶುವೈದ್ಯನಾಗಿ ನಾನು ಕಂಡ ಕ್ರೌರ್ಯಗಳಲ್ಲಿ ಇದಕ್ಕಿಂತ ಆಳವಾದದ್ದನ್ನು ನಾನು ಕಾಣೆ. ಇದರಲ್ಲಿ ಬಾರುಕೋಲಿಲ್ಲ, ರಕ್ತವಿಲ್ಲ. ತಳಿಯ ಆಯ್ಕೆಯಲ್ಲಿ ತಣ್ಣಗೆ ನಡೆದ ಕೆಲಸ ಇದು.

ಮೊಟ್ಟೆಯ ಕೋಳಿಯ ಕತೆ ಬೇರೆ. ನಮ್ಮ ಸಾಕು ಕೋಳಿಯ ಮೂಲ ಕಾಡುಕೋಳಿ. ಅದು ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಫಾರಂನ ಲೇಯರ್ ಕೋಳಿ ಸುಮಾರು 300 ಇಡುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ವರ್ಷಕ್ಕೆ 600 ಗ್ರಾಂ ಆಯಿತು. ಒಂದೂವರೆ ಕಿಲೋ ತೂಗುವ ಹಕ್ಕಿಯ ಮೈಯಿಂದ! ಮೇವಿನಲ್ಲಿ ಸಿಕ್ಕದ್ದು ಸಾಲದಾದಾಗ ಎಲುಬಿನಿಂದ ತೆಗೆಯುತ್ತದೆ. ಹಾಗಾಗಿ ಮುದಿ ಲೇಯರ್ ಕೋಳಿಯನ್ನು ಎತ್ತಿಕೊಳ್ಳುವಾಗ ಬಹಳ ಹುಷಾರು ಬೇಕು. ಬಿಗಿಯಾಗಿ ಹಿಡಿದರೆ ಎಲುಬು ಮುರಿಯುತ್ತದೆ. ಮೊಟ್ಟೆ ಒಳಗೇ ಒಡೆದು ಕೀವಾಗುತ್ತದೆ. ಅಂಡಾಶಯದಲ್ಲಿ ಗಂತಿ ಬೆಳೆಯುತ್ತದೆ. ಕೆಲವು ಆಶ್ರಯಧಾಮಗಳಲ್ಲಿ ಮೊಟ್ಟೆ ಇಡುವುದನ್ನು ತಡೆಯಲೆಂದೇ ಚರ್ಮದಡಿ ಮದ್ದಿನ ಸಣ್ಣ ಗುಳಿಗೆ ಇಡುತ್ತಾರೆ. ಮೊಟ್ಟೆ ಹೆಚ್ಚಿಸುವ ಮದ್ದುಗಳನ್ನು ನಾನು ಓದಿದ್ದೆ. ಮೊಟ್ಟೆ ನಿಲ್ಲಿಸಿ ಕೋಳಿಯನ್ನು ಉಳಿಸುವ ಮದ್ದಿನ ಮಾತು ನಮ್ಮ ಪಠ್ಯದಲ್ಲಿ ಇರಲಿಲ್ಲ. ಕೋಳಿಗೆ ಮುಪ್ಪು ಬರುತ್ತದೆಂಬ ಅಧ್ಯಾಯವೇ ಇರಲಿಲ್ಲ.

ಲೇಯರ್ ತಳಿಯ ಗಂಡು ಮರಿಗಳ ಗತಿ ಏನು? ಅವು ಮೊಟ್ಟೆ ಇಡುವುದಿಲ್ಲ, ಬೇಗ ತೂಕವನ್ನೂ ಪಡೆಯುವುದಿಲ್ಲ. ಮೊಟ್ಟೆಯೊಡೆದು ಬಂದ ದಿನವೇ ಅವನ್ನು ಕೊಲ್ಲುತ್ತಾರೆ. ಆ ದೇಶದಲ್ಲೂ ಹೀಗೆಯೇ, ಈ ದೇಶದಲ್ಲೂ ಹೀಗೆಯೇ. ಹೆಣ್ಣು ಮರಿಗಳು ಪಂಜರಕ್ಕೆ ಹೋಗುತ್ತವೆ. ಒಂದೊಂದು ಕೋಳಿಗೆ ಸಿಗುವ ಜಾಗ ನಾವು ಅರ್ಜಿ ಬರೆಯುವ ಕಾಗದದ ಒಂದು ಹಾಳೆಗಿಂತ ಕಡಿಮೆ. 2017ರಲ್ಲಿ ನಮ್ಮ ಕಾನೂನು ಆಯೋಗ ಈ ವಿಷಯಕ್ಕೇ ಒಂದು ವರದಿ ಬರೆಯಿತು. ಮೊಟ್ಟೆ ಕೋಳಿ ಮತ್ತು ಮಾಂಸದ ಕೋಳಿಯ ಸಾಗಣೆ, ಸಾಕಣೆಗೆ ಕಟ್ಟುನಿಟ್ಟಿನ ನಿಯಮ ಬೇಕೆಂದು ಹೇಳಿತು. ಕೋಳಿಯೂ ಕಾನೂನಿನ ಕಣ್ಣಿಗೆ ಬಿದ್ದದ್ದು ಸಣ್ಣ ಮಾತಲ್ಲ.

ಹಂದಿ ಆಯಿತು, ಕೋಳಿ ಆಯಿತು. ಎರಡರಲ್ಲೂ ಕಂಡದ್ದು ಒಂದೇ: ಅವುಗಳ ಆಯಸ್ಸನ್ನು ನಾವು ಮೊದಲೇ ಗೊತ್ತುಮಾಡಿ ದೇಹವನ್ನು ಅದಕ್ಕೆ ಅಳತೆ ಮಾಡಿದ್ದೇವೆ. ಮಾಂಸ, ಮೊಟ್ಟೆ ಮುಟ್ಟದ ಕೇಳುಗರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬಹುದು. ಅವರು ದಯವಿಟ್ಟು ಈಗ ಕೇಳಬೇಕು. ಇನ್ನು ಹಾಲಿನ ವಿಷಯ.

ಗುಡ್ಡದ ಮೇಲಿನ ಹುಲ್ಲುಗಾವಲಿನಲ್ಲಿ ದನಗಳಿದ್ದವು. ಕಪ್ಪು ಬಿಳುಪು ಮೈಯ ಹೋಲ್‌ಸ್ಟೀನ್. ನಮ್ಮವರು ಎಚ್‌ಎಫ್ ಎನ್ನುವುದು, ಸೀಮೆ ಹಸು ಎನ್ನುವುದು ಇದನ್ನೇ. ಅವುಗಳಲ್ಲಿ ಬೀಜ ಒಡೆಸಿದ ಗಂಡುಗಳೂ ಇದ್ದವು. ಅವುಗಳ ಬೆನ್ನು ನನ್ನ ತಲೆಯ ಮಟ್ಟಕ್ಕಿತ್ತು. ತೂಕ ಸಾವಿರ ಕಿಲೋಗೆ ಹತ್ತಿರ. ವೃತ್ತಿಯಲ್ಲಿ ಸಾವಿರಾರು ಸೀಮೆ ಹಸುಗಳನ್ನು ಕಂಡವನು ನಾನು. ಪೂರ್ತಿ ಬೆಳೆದ ಸೀಮೆ ಎತ್ತನ್ನು ಅಷ್ಟು ಹತ್ತಿರದಿಂದ ಕಂಡದ್ದು ಅಲ್ಲೇ. ಏಕೆಂದರೆ ಅವು ಬೆಳೆಯುವವರೆಗೆ ಯಾರೂ ಉಳಿಸಿಕೊಳ್ಳುವುದಿಲ್ಲ. ಹಸು ಹಾಲು ಕೊಡಬೇಕಾದರೆ ಕರು ಹಾಕಬೇಕು. ಹಾಕುವ ಕರುಗಳಲ್ಲಿ ಅರ್ಧ ಗಂಡು. ಅಲ್ಲಿ ಆ ಗಂಡು ಕರುಗಳಲ್ಲಿ ಕೆಲವು ಎಳೆಗರುವಿನ ಮಾಂಸವಾಗುತ್ತವೆ, ಉಳಿದವನ್ನು ಪೂರ್ತಿ ಬೆಳೆಯುವ ಮೊದಲೇ ಮಾಂಸಕ್ಕೆ ಕಳಿಸುತ್ತಾರೆ. ಹಸುವಿಗೂ ಹೆಚ್ಚು ಆಯಸ್ಸಿಲ್ಲ. ಇಪ್ಪತ್ತು ವರ್ಷ ಬದುಕಬಲ್ಲ ಜೀವವನ್ನು ಎರಡು ಮೂರು ಸೂಲು ಮುಗಿಯುತ್ತಲೇ, ಐದಾರು ವರ್ಷಕ್ಕೆ ಕಳಿಸುತ್ತಾರೆ.

ನಮ್ಮಲ್ಲಿ? ಮಂಡ್ಯ, ಹಾಸನ, ಕೋಲಾರದ ಯಾವ ಡೇರಿ ಊರಿಗಾದರೂ ಹೋಗಿ ಕೇಳಿ. ಸೀಮೆ ಹಸು ಗಂಡು ಕರು ಹಾಕಿದರೆ ಮನೆಯಲ್ಲಿ ಮಾತು ಇಳಿಯುತ್ತದೆ. ಹಳ್ಳಿಕಾರ್ ಹೋರಿಗರು ಹುಟ್ಟಿದರೆ ಹಿಂದೆ ಸಂಭ್ರಮವಿತ್ತು, ಜಾತ್ರೆಯಲ್ಲಿ ಬೆಲೆಯಿತ್ತು. ಸೀಮೆ ಹೋರಿಗೆ ಹಿಣಿಲಿಲ್ಲ, ನೊಗ ಸರಿಯಾಗಿ ಕೂರುವುದಿಲ್ಲ. ನಮ್ಮ ಬಿಸಿಲನ್ನು ತಡೆಯದು. ಅದೂ ಅಲ್ಲದೆ ಉಳುವುದಕ್ಕೆ ಟ್ರ್ಯಾಕ್ಟರ್ ಬಂದು ನಾಟಿ ಎತ್ತಿಗೇ ಕೆಲಸವಿಲ್ಲ. ಆದ್ದರಿಂದ ಗಂಡು ಕರುವಿನ ಪಾಲಿನ ಹಾಲು ಡೇರಿ ಕ್ಯಾನಿಗೆ ಹೋಗುತ್ತದೆ. ಕರು ಸೊರಗುತ್ತದೆ. ಕೆಲವರು ರಾತ್ರಿ ದೂರದ ದೇವಸ್ಥಾನದ ಹತ್ತಿರ ಬಿಟ್ಟು ಬರುತ್ತಾರೆ. ರೈತರನ್ನು ನಾನು ದೂರುತ್ತಿಲ್ಲ. ಎರಡು ಹಸು ಕಟ್ಟಿಕೊಂಡು ಮಕ್ಕಳನ್ನು ಓದಿಸುವ ಮನೆಗಳ ಕಷ್ಟ ನನಗೆ ಗೊತ್ತು. ಹಾಲಿನ ಬೆಲೆಯಲ್ಲಿ ಗಂಡು ಕರುವಿನ ಮೇವಿನ ಖರ್ಚು ಸೇರಿಲ್ಲ, ಮುದಿ ಹಸುವಿನ ಖರ್ಚೂ ಸೇರಿಲ್ಲ. ನಾವು ಕಾಫಿಗೆ ಹಾಲು ಬೆರೆಸುವಾಗ ಆ ಬಾಕಿ ಹಾಗೇ ಉಳಿದಿರುತ್ತದೆ. ಹೆಚ್ಚಾಗಿ ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿಗಳು ಈಗ ಬಂದಿವೆ. ಅವು ಎಲ್ಲ ರೈತರಿಗೂ ಕೈಗೆಟುಕಬೇಕು. ಗಂಡು ಕರು ಹುಟ್ಟಿ ಬಳಲುವುದಕ್ಕಿಂತ ಇದು ಮೇಲು.

ಹಾಲಿನ ಹಿಂದಿನ ಲೆಕ್ಕ ಹೇಳಿದ್ದಾಯಿತು. ಈಗ ನಮ್ಮ ದೇಶದ ಆಶ್ರಯಧಾಮಗಳ ಕಡೆ ಬರೋಣ. ಏಕೆಂದರೆ ಇದು ಅಮೆರಿಕದವರು ನಮಗೆ ಕಲಿಸಬೇಕಾದ ಹೊಸ ವಿದ್ಯೆಯೇನೂ ಅಲ್ಲ.

ಗುಜರಾತಿನಲ್ಲಿ ಮುದಿ, ರೋಗಿ ಪ್ರಾಣಿಗಳನ್ನು ಸಾಕುವ ಪಿಂಜರಾಪೋಲ್‌ಗಳು ಶತಮಾನಗಳಿಂದ ಇವೆ. ಸೂರತ್ತಿನಲ್ಲಿ ಮುದಿ ದನ, ಕುಂಟು ಕುದುರೆಗಳನ್ನು ಸಾಕುವ ಆಸ್ಪತ್ರೆಯನ್ನು ಕಂಡು ಮುನ್ನೂರು ವರ್ಷ ಹಿಂದಿನ ಯುರೋಪಿನ ಪ್ರವಾಸಿಗಳು ಬೆರಗಿನಿಂದ ಬರೆದಿದ್ದಾರೆ. ಮುಂಬಯಿಯ ಪಿಂಜರಾಪೋಲ್ 1834ರಲ್ಲಿ ಹುಟ್ಟಿತು. ಅದಕ್ಕೆ ಎರಡು ವರ್ಷ ಹಿಂದೆ ಬ್ರಿಟಿಷರು ಬೀದಿನಾಯಿಗಳನ್ನು ಕೊಲ್ಲಲು ಹೊರಟಾಗ ನಗರದಲ್ಲಿ ಗಲಭೆಯೇ ಆಗಿತ್ತು. ಆಮೇಲೆ ಪಾರ್ಸಿ ವರ್ತಕ ಜಮ್‌ಷೇಟ್‌ಜೀ ಜೀಜೀಭಾಯ್ ಮತ್ತು ಜೈನ ವರ್ತಕ ಮೋತೀಚಂದ್ ಅಮೀಚಂದ್ ಸೇರಿ ಪ್ರಾಣಿಗಳಿಗೊಂದು ಮನೆ ಕಟ್ಟಿಸಿದರು. ನಮ್ಮ ಮೈಸೂರಿನಲ್ಲೂ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಪಿಂಜರಾಪೋಲ್ ಇದೆ.

ಕಾನೂನಿನಲ್ಲೂ ನಾವು ಹಿಂದಿಲ್ಲ. ಕಲಾಕ್ಷೇತ್ರದ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆ ತಡೆಯಲು ಮಸೂದೆ ತಂದರು. ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಕಾಯಿದೆ ಬಂತು. ಅದರಲ್ಲಿ ಕೋಳಿಯೂ ಸೇರಿದೆ, ಹಂದಿಯೂ ಸೇರಿದೆ. ಅಮೆರಿಕದ ಕೇಂದ್ರ ಪ್ರಾಣಿ ಕಲ್ಯಾಣ ಕಾಯಿದೆ ಆಹಾರಕ್ಕೆ ಸಾಕುವ ಪ್ರಾಣಿಗಳನ್ನು ಹೊರಗೇ ಇಟ್ಟಿದೆ. ಆದರೆ ನಮ್ಮ ಕಾಯಿದೆಯಲ್ಲಿ ಮೊದಲ ತಪ್ಪಿಗೆ ಅಂದು ಇಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಅಷ್ಟಕ್ಕೆ ಹೆದರುವವರು ಯಾರು?

ಈಗ ಸಂಖ್ಯೆಗೆ ಬರುತ್ತೇನೆ. 2019ರ ಜಾನುವಾರು ಗಣತಿಯಂತೆ ದೇಶದಲ್ಲಿ ದನಗಳು 19 ಕೋಟಿ. ಯಜಮಾನರಿಲ್ಲದೆ ಬೀದಿಯಲ್ಲಿರುವವು ಸುಮಾರು 50 ಲಕ್ಷ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯಿದೆ ದನಗಳ ಹತ್ಯೆಯನ್ನು ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅದು ವಿನಾಯಿತಿ ಕೊಟ್ಟಿದೆ. ಕೊಲ್ಲಬಾರದೆಂದ ಮೇಲೆ ಸಾಕಬೇಕು. ಯಾರು ಸಾಕಬೇಕು? 400 ಕಿಲೋ ತೂಗುವ ಒಂದು ಹಸುವಿಗೆ ದಿನಕ್ಕೆ ಕಡಿಮೆಯೆಂದರೂ ಆರು ಕಿಲೋ ಒಣ ಹುಲ್ಲು, ಹದಿನೈದು ಕಿಲೋ ಹಸಿ ಮೇವು, 40 ಲೀಟರ್ ನೀರು ಬೇಕು. ಒಣ ಹುಲ್ಲೊಂದೇ ವರ್ಷಕ್ಕೆ ಎರಡು ಟನ್ ದಾಟುತ್ತದೆ. ಮುದಿ ಹಸು ಹತ್ತು ವರ್ಷ ಬದುಕೀತು. ಗುಣಿಸಿ ನೋಡಿ. 2022ರಲ್ಲಿ ಸರಕಾರ ಪುಣ್ಯಕೋಟಿ ದತ್ತು ಯೋಜನೆ ಆರಂಭಿಸಿ, ಗೋಶಾಲೆಯ ದನವನ್ನು ದತ್ತು ಪಡೆಯಲು ಜನರನ್ನು ಕರೆಯಿತು. ಒಳ್ಳೆಯ ಕರೆ. ಆದರೆ ಒಂದು ಸಲ ಹಣ ಕಟ್ಟಿ ಮರೆಯುವುದರಿಂದ ಮುಪ್ಪು ದಾಟುವುದಿಲ್ಲ.

ಬೀದಿಯ ದನದ ಹೊಟ್ಟೆಯ ಮಾತೂ ಹೇಳಲೇಬೇಕು. ನಮ್ಮ ಗಡಿಯಾಚೆ ಪುಟ್ಟಪರ್ತಿಯಲ್ಲಿ ಕರುಣಾ ಸೊಸೈಟಿ ಎಂಬ ಆಶ್ರಯಧಾಮವಿದೆ. ಅಲ್ಲಿ ದನಗಳ ಹೊಟ್ಟೆ ಕೊಯ್ದು ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದರು. 2012ರಲ್ಲಿ ಈ ವಿಷಯವನ್ನು ಸುಪ್ರೀಂ ಕೋರ್ಟಿಗೂ ಒಯ್ದರು. ಅನ್ನ ಸಾರು ಉಳಿದದ್ದನ್ನು ಕವರಿಗೆ ಹಾಕಿ ಗಂಟು ಕಟ್ಟಿ ಎಸೆಯುತ್ತೇವಲ್ಲ, ಗಂಟು ಬಿಚ್ಚಲು ಹಸುವಿಗೆ ಕೈಯಿಲ್ಲ. ಕವರಿನ ಸಮೇತ ನುಂಗುತ್ತದೆ.

ನಮ್ಮ ಪಿಂಜರಾಪೋಲ್‌ಗಳ ಹಿರಿಮೆ, ಕಾಯಿದೆ, ಮೇವಿನ ಹೊರೆ ಹೇಳಿದೆ. ವಾಟ್ಕಿನ್ಸ್ ಗ್ಲೆನ್‌ನಲ್ಲಿ ಕಂಡ ಪದ್ಧತಿಗಳಲ್ಲಿ ನಾವು ತೆಗೆದುಕೊಳ್ಳಬೇಕಾದ ಎರಡು ಮೂರನ್ನು ಈಗ ಹೇಳುತ್ತೇನೆ.

ಅವರು ಪ್ರಾಣಿಗಳನ್ನು ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಕೊಂಡರೆ ಮಾರುವವನಿಗೆ ಅದೂ ಒಂದು ವ್ಯಾಪಾರ. ಆ ದುಡ್ಡಿನಲ್ಲಿ ಅವನು ಇನ್ನೊಂದನ್ನು ತರುತ್ತಾನೆ. ನಮ್ಮಲ್ಲಿ ಸಂತೆಗೆ ಹೋಗಿ ಬೆಲೆ ಕೊಟ್ಟು ಬಿಡಿಸುವ ಪುಣ್ಯವಂತರಿದ್ದಾರೆ. ಅವರ ಮನಸ್ಸು ದೊಡ್ಡದು. ಆದರೆ ಆ ಹಣ ಮೇವಿಗೆ, ಔಷಧಿಗೆ ಹೋದರೆ ಹೆಚ್ಚು ಜೀವ ಉಳಿಯುತ್ತದೆ. ಇನ್ನೊಂದು, ಅಲ್ಲಿ ಮರಿ ಹಾಕಿಸುವುದಿಲ್ಲ. ಗಂಡು ದನ, ಹಂದಿ, ಕುರಿಗಳಿಗೆ ಬೀಜ ಒಡೆಸುತ್ತಾರೆ. ನಮ್ಮ ಕೆಲವು ಗೋಶಾಲೆಗಳಲ್ಲಿ ಹಸು ಗಬ್ಬವಾಗುತ್ತದೆ, ಕರು ಹುಟ್ಟುತ್ತದೆ, ಹಾಲು ಮಾರುತ್ತಾರೆ. ಸ್ವಲ್ಪ ಕಾಲಕ್ಕೆ ಕರೆಯುವ ಹಸುವಿಗೆ ಹಿಂಡಿ, ಗೊಡ್ಡು ಹಸುವಿಗೆ ಬರೀ ಹುಲ್ಲು ಎಂಬಂತಾಗುತ್ತದೆ. ನಾಟಿ ತಳಿ ಉಳಿಸುವ ಗೋಶಾಲೆ ಬೇಕು, ಅದು ಬೇರೆ ಕೆಲಸ. ಮುದಿ, ರೋಗಿ, ಅನಾಥ ದನದ ಮನೆಯಲ್ಲಿ ಹೆರಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಜಾಗಕ್ಕೆ ತಕ್ಕಷ್ಟೇ ಸೇರಿಸಿಕೊಳ್ಳುವ ಗಟ್ಟಿತನವೂ ಅವರಲ್ಲಿದೆ. ಇಲ್ಲವೆನ್ನಲಾರದೆ ತುಂಬಿಸಿಕೊಂಡ ಗೋಶಾಲೆಯಲ್ಲಿ ಬಲವಾದದ್ದು ತಿನ್ನುತ್ತದೆ, ಮುದಿಯದು ಹಿಂದೆ ನಿಲ್ಲುತ್ತದೆ. ಇದನ್ನು ನಾನು ನಮ್ಮಲ್ಲಿ ಬಹಳ ಕಡೆ ಕಂಡಿದ್ದೇನೆ.

ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಡಿ ಎಂದು ಅಲ್ಲಿಯವರು ಬಂದವರಿಗೆಲ್ಲ ಹೇಳುತ್ತಾರೆ. ಊಟದ ತೀರ್ಮಾನ ನಿಮ್ಮ ನಿಮ್ಮದು. ಅಲ್ಲಿರುವುದು ಕೆಲವೇ ನೂರು ಪ್ರಾಣಿಗಳು. ಅದೇ ದೇಶದಲ್ಲಿ ವರ್ಷಕ್ಕೆ 900 ಕೋಟಿಗೂ ಹೆಚ್ಚು ಕೋಳಿ ಕಡಿಯುತ್ತಾರೆ. ಉಳಿಸಿದ್ದು ಸಾಗರದಲ್ಲಿ ಹನಿ ಎಂದು ಅಲ್ಲಿಯವರಿಗೂ ಗೊತ್ತು. ಆದರೂ ಆ ಜಾಗ ಬೇಕು ಎನ್ನುತ್ತೇನೆ. ಹಂದಿಯ ಕೀಲುನೋವು, ಕೋಳಿಯ ಎಲುಬು, ಸೀಮೆ ಎತ್ತಿನ ಗೊರಸು, ಇವಕ್ಕೆ ಮುಪ್ಪಿನಲ್ಲಿ ಏನು ಮಾಡಬೇಕೆಂದು ಅಲ್ಲಿನವರು ಕಾರ್ನೆಲ್‌ನ ಪಶುವೈದ್ಯರ ಜೊತೆ ಸೇರಿ ಕಲಿತಿದ್ದಾರೆ. ನಮ್ಮ ಬೀದರ್, ಬೆಂಗಳೂರು, ಶಿವಮೊಗ್ಗ, ಹಾಸನದ ಪಶುವೈದ್ಯಕೀಯ ಕಾಲೇಜುಗಳ ಮಕ್ಕಳು ಹತ್ತಿರದ ಪಿಂಜರಾಪೋಲ್‌ನಲ್ಲಿ ಕೆಲವು ವಾರ ಕೆಲಸ ಮಾಡುವುದು ಕಡ್ಡಾಯವಾಗಬೇಕು. ಹಾಲು ಬತ್ತಿದ ಹಸುವಿಗೂ ರೋಗಿ ಎನ್ನುವ ಹೆಸರು ಸಲ್ಲಬೇಕು.

ಕೊನೆಗೆ ಕೇಳುಗರಲ್ಲಿ ನನ್ನ ಬೇಡಿಕೆ. ನಿಮ್ಮ ಜಿಲ್ಲೆಯ ಗೋಶಾಲೆಗೋ ಪಿಂಜರಾಪೋಲ್‌ಗೋ ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದೊಯ್ಯಿರಿ. ಮುಂದೆ ಕಟ್ಟಿದ ಕರುಗಳನ್ನು ನೋಡಿ ಬಂದುಬಿಡಬೇಡಿ. ಹಿಂದಿನ ಸಾಲಿನ ಮುದಿ ದನ ಎಲ್ಲಿ, ಅದಕ್ಕೆ ಏನು ಹಾಕುತ್ತೀರಿ ಎಂದು ಕೇಳಿ. ಹಬ್ಬಕ್ಕೆ ಬಾಳೆಹಣ್ಣು, ಬೆಲ್ಲ, ಅನ್ನ ರಾಶಿ ಒಯ್ಯಬೇಡಿ. ಒಮ್ಮೆಲೇ ಹೆಚ್ಚು ಅನ್ನ ತಿಂದ ದನ ಹೊಟ್ಟೆಯಲ್ಲಿ ಹುಳಿಯೇರಿ ಸಾಯಲೂಬಹುದು. ಸುಗ್ಗಿ ಮುಗಿದಾಗ ಹೊಲದಲ್ಲಿ ಸುಡುವ ಭತ್ತದ ಹುಲ್ಲಿದ್ದರೆ, ಜೋಳದ ಸಪ್ಪೆಯಿದ್ದರೆ, ರಾಗಿ ಹುಲ್ಲು ಹೆಚ್ಚಾಗಿದ್ದರೆ ಒಂದು ಗಾಡಿ ಅಲ್ಲಿಗೆ ಕಳಿಸಿ. ಹಲ್ಲು ಸವೆದ ದನ ಉದ್ದ ಹುಲ್ಲನ್ನು ಅಗಿಯಲಾರದು. ಆದ್ದರಿಂದ ಸಾಧ್ಯವಾದರೆ ಯಂತ್ರದಲ್ಲಿ ಕತ್ತರಿಸಿ ಕಳಿಸಿ. ಎಷ್ಟು ಬೇಕು, ಯಾವ ತಿಂಗಳು ಬೇಕು ಎಂದು ಮೊದಲೇ ವಿಚಾರಿಸಿ. ಬೇಸಿಗೆಯ ಮೂರು ತಿಂಗಳು ಅವರಿಗೆ ಕಷ್ಟದ ಕಾಲ. ಆಗ ಮರೆಯಬೇಡಿ.